ಕೆಮ್ಮಿದ ಫ್ಯಾನಿಗೆ ಎಷ್ಟು ಮಾರ್ಕು?

ಇಂಗ್ಲಿಷ್ ಸಾಹಿತ್ಯ ಓದುವ ಹುಡುಗರನ್ನು ಹೆದರಿಸುವುದಕ್ಕೆ ಮಿಲ್ಟನ್ ಬೇಕಿಲ್ಲ, ಸಿನೆಕ್ಡಕಿ ಎಂಬ ಅಲಂಕಾರದ ಹೆಸರೇ ಸಾಕು. ಮಿಲ್ಟನ್ನಿಗಾದರೆ ಗೈಡಿನಲ್ಲಿ ಸಾರಾಂಶ ಸಿಗುತ್ತದೆ. ಈ ಸಿನೆಕ್ಡಕಿಗೆ ಸಾರಾಂಶವೂ ಇಲ್ಲ, ನೆಟ್ಟಗೆ ಒಂದು ಉಚ್ಚಾರವೂ ಇಲ್ಲ. ಅಕ್ಷರ ನೋಡಿಕೊಂಡು ಓದಿದವರು ಸಿನೆಕ್‌ಡೋಚ್ ಅನ್ನುತ್ತಾರೆ. ಅಷ್ಟು ಅಕ್ಷರ ಬರೆದಿಟ್ಟವನ ತಪ್ಪೇ ಹೊರತು ಓದಿದವರದ್ದಲ್ಲ. ಹೈಪರ್ಬೊಲಿ ನಮ್ಮ ತರಗತಿಗಳಲ್ಲಿ ಹೈಪರ್‌ಬೋಲ್ ಆಗಿ ಎಷ್ಟೋ ವರ್ಷವಾಯಿತು. ಇನ್ನು ಸದ್ದನ್ನು ಅನುಕರಿಸುವ ಪದಗಳಿಗಿರುವ ಹೆಸರು, ಆನಮಟಪೀಯ. ಅದರ ಸ್ಪೆಲಿಂಗನ್ನು ಪುಸ್ತಕ ಮುಚ್ಚಿ ಬರೆಯಬಲ್ಲ ಮೇಷ್ಟ್ರುಗಳೇ ಕಮ್ಮಿ. ಅದಕ್ಕೆ ಹುಡುಗರು ಒಂದು ಉಪಾಯ ಕಂಡುಕೊಂಡಿದ್ದಾರೆ. ಪದ್ಯದಲ್ಲಿ ಹಾವು ಬುಸುಗುಟ್ಟಲಿ, ಮಳೆ ಪಟಪಟನೆ ಬೀಳಲಿ, ಉತ್ತರ ಮಾತ್ರ ಅಲಿಟರೇಶನ್. ಸ್ಪೆಲಿಂಗ್ ತಪ್ಪಿ ಅರ್ಧ ಮಾರ್ಕು ಹೋಗುವುದಕ್ಕಿಂತ, ಸ್ಪೆಲಿಂಗ್ ಸರಿಯಿದ್ದು ಒಂದು ಮಾರ್ಕು ಪೂರಾ ಹೋದರೆ ಮರ್ಯಾದೆ ಉಳಿಯುತ್ತದೆ ಎಂಬ ಲೆಕ್ಕ.

ಫಿಗರ್ಸ್ ಆಫ್ ಸ್ಪೀಚ್ ಹಿಡಿಯುವುದಕ್ಕೆ ಹಾಸ್ಟೆಲುಗಳಲ್ಲಿ ಒಂದು ಬಾಯಿಪಾಠದ ಸೂತ್ರ ಓಡಾಡುತ್ತಿದೆ. ಸಾಲಿನಲ್ಲಿ 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ. ಅವೆರಡೂ ಇಲ್ಲದೆ ಏನೋ ಒಂಥರಾ ಇದ್ದರೆ ಮೆಟಫರ್. 'ಓ' ಎಂದು ಕೂಗಿದ್ದರೆ ಅಪಾಸ್ಟ್ರಫಿ. ಏನೂ ತಿಳಿಯದಿದ್ದರೆ ಕಣ್ಣು ಮುಚ್ಚಿ ಪರ್ಸಾನಿಫಿಕೇಶನ್. ಹೀಗಾಗಿ 'ಐ ಲೈಕ್ ಕಾಫಿ' ಕೂಡ ಸಿಮಿಲಿಯಾಗುತ್ತದೆ. ಅಪಾಸ್ಟ್ರಫಿಯ ಪಾಡಂತೂ ಕೇಳಲೇಬೇಡಿ. ಎದುರಿಗಿಲ್ಲದವರನ್ನೋ ಸತ್ತವರನ್ನೋ ಮೂಕ ವಸ್ತುವನ್ನೋ ಎದುರಿಗಿದೆ ಎಂಬಂತೆ ಕರೆದು ಮಾತಾಡಿಸುವುದಕ್ಕೆ ಆ ಹೆಸರು. ಅಕ್ಷರದ ನೆತ್ತಿಯ ಮೇಲೆ ಕೂರುವ ಆ ಪುಟ್ಟ ಕೊಂಡಿಗೂ ಅದೇ ಹೆಸರು. 'ಮಿಲ್ಟನ್ಸ್' ಎಂದು ಬರೆದ ಸಾಲಿನಲ್ಲಿ ಎಸ್ಸಿನ ಹಿಂದೆ ಕೊಂಡಿ ಕಂಡ ಹುಡುಗಿಯೊಬ್ಬಳು ಅದಕ್ಕೆ ಬಾಣದ ಗುರುತು ಹಾಕಿ ಅಪಾಸ್ಟ್ರಫಿ ಎಂದು ಬರೆದಿದ್ದಳು. ಕಣ್ಣಿಗೆ ಕಂಡ ಸತ್ಯ. ಯಾವ ನ್ಯಾಯಾಲಯದಲ್ಲೂ ನಿಲ್ಲುತ್ತದೆ, ಯೂನಿವರ್ಸಿಟಿಯಲ್ಲಿ ನಿಲ್ಲುವುದಿಲ್ಲ.

ತಮಾಷೆಯೆಂದರೆ ಈ ಮಕ್ಕಳೇ ಎಸ್‌ಎಸ್‌ಎಲ್‌ಸಿಯಲ್ಲಿ ಉಪಮಾ, ರೂಪಕ, ದೃಷ್ಟಾಂತ, ಅರ್ಥಾಂತರನ್ಯಾಸಗಳನ್ನು ಅರೆದು ಕುಡಿದು ಬಂದವರು. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕಪದ ಎಲ್ಲಿದೆ, ಸಮಾನಧರ್ಮ ಏನು ಎಂದು ಬಿಡಿಸಿ, ಸಮನ್ವಯ ಬರೆದು, ಕೆಳಗೆ ಗೆರೆ ಎಳೆದು ಮೂರಕ್ಕೆ ಮೂರು ತೆಗೆದವರು. ಇಂಗ್ಲಿಷಿನ ಸಿಮಿಲಿಗೆ ಅಷ್ಟು ಅಂಗಾಂಗ ಪರೀಕ್ಷೆ ಇಲ್ಲವೇ ಇಲ್ಲ. ಆದರೂ ಡಿಗ್ರಿ ಕಾಲೇಜಿನ ಗೇಟು ದಾಟುವಾಗ ಆ ವಿದ್ಯೆಯನ್ನು ಸೈಕಲ್ ಸ್ಟ್ಯಾಂಡಿನಲ್ಲೇ ಬಿಟ್ಟು ಬರುತ್ತಾರೆ. ಬಿಡದೆ ತಂದವರಿಗೆ ಬೇರೆ ಕಂಟಕ. ಹೈಪರ್ಬೊಲಿ ಎಂದರೆ ಉತ್ಪ್ರೇಕ್ಷೆ ಎಂದು ಧೈರ್ಯವಾಗಿ ಬರೆಯುತ್ತಾರೆ. ಬಾಯಿಮಾತಿನಲ್ಲಿ ಸರಿ. ಆದರೆ ಅಲಂಕಾರಶಾಸ್ತ್ರದವರ ಉತ್ಪ್ರೇಕ್ಷೆ ಬೇರೆ, ಒಂದನ್ನು ಇನ್ನೊಂದೋ ಏನೋ ಎಂಬಂತೆ ಊಹಿಸುವುದು. ಇದ್ದದ್ದನ್ನು ಹಿಗ್ಗಿಸಿ ಹೇಳುವ ಹೈಪರ್ಬೊಲಿಗೆ ಅವರಲ್ಲಿ ಅತಿಶಯೋಕ್ತಿ ಎಂಬ ನೆಂಟ ಇದ್ದಾನೆ. ಹುಡುಗರು ಅಕ್ಕಪಕ್ಕದ ಮನೆಯ ಬಾಗಿಲು ತಟ್ಟಿದ್ದಾರೆ, ಅಷ್ಟೆ.

ಹುಡುಗರ ಕಥೆ ಹಾಗಿರಲಿ, ಮೇಷ್ಟ್ರುಗಳ ಕಥೆ ಕೇಳಿ. ವ್ಯಾಲ್ಯುಯೇಶನ್ ಕ್ಯಾಂಪು ಎಂದರೆ ಮೇ ತಿಂಗಳ ಬಿಸಿಲು, ಕಟ್ಟು ಕಟ್ಟು ಉತ್ತರಪತ್ರಿಕೆ, ಕೆಂಪು ಪೆನ್ನು, ಎರಡು ಹೊತ್ತು ಟೀ. ಒಂದು ವರ್ಷ ಪ್ರಶ್ನೆಪತ್ರಿಕೆ ತೆಗೆದ ಮಹಾನುಭಾವರು ಯಾವ ಕವಿಯ ಉಪದ್ರವವೂ ಬೇಡವೆಂದು ತಾವೇ ಒಂದು ಸಾಲು ಹೊಸೆದಿದ್ದರು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ 'ಆ ಹಳೇ ಫ್ಯಾನು ರಾತ್ರಿಯಿಡೀ ಕೆಮ್ಮುತ್ತಿತ್ತು'. ಇದರಲ್ಲಿರುವ ಫಿಗರ್ ಗುರುತಿಸಿ, ಒಂದು ಮಾರ್ಕು. ಕೀ ಉತ್ತರ ಪರ್ಸಾನಿಫಿಕೇಶನ್.

ಮೊದಲು ತಕರಾರು ತೆಗೆದವರು ಗೋಡೆ ಕಡೆ ಕೂತಿದ್ದ ಹಿರಿಯರು. "ಕೆಮ್ಮೋದು ಮನುಷ್ಯ ಒಬ್ಬನೇ ಏನ್ರೀ? ನಮ್ಮನೆ ನಾಯಿ ಬೆಳಗಿನ ಜಾವದಿಂದ ಕೆಮ್ಮುತ್ತೆ. ಫ್ಯಾನಿನ ಸದ್ದನ್ನ ಕೆಮ್ಮು ಅಂದಿದಾರೆ, ಅದು ಮೆಟಫರ್." ಹೊಸದಾಗಿ ಸೇರಿದ್ದ ಮೇಡಮ್ ಒಬ್ಬರು ಮೆಲ್ಲಗೆ, "ಸರ್, ಇಂಗ್ಲಿಷಲ್ಲಿ 'ಕಾಫ್' ಅನ್ನೋ ಪದ ಹುಟ್ಟಿರೋದೇ ಸದ್ದಿನ ಅನುಕರಣೆಯಿಂದ. ಆನಮಟಪೀಯ ಅಂತ ಬರೆದವರಿಗೂ ಕೊಡಬೇಕಾಗುತ್ತೆ" ಎಂದರು. ಅಲ್ಲಿಗೆ ಕೋಣೆಯೇ ಎರಡು ಪಕ್ಷವಾಯಿತು. ಆಗ ಬಯಲುಸೀಮೆಯ ಕಡೆಯಿಂದ ಬಂದಿದ್ದ ಒಬ್ಬರು ಪೆನ್ನು ಕೆಳಗಿಟ್ಟು, "ನೀವೆಲ್ಲ ಕೆಮ್ಮು ನೋಡ್ತಿದೀರಿ. 'ರಾತ್ರಿಯಿಡೀ' ಅನ್ನೋದನ್ನ ಯಾರೂ ನೋಡ್ತಿಲ್ಲ. ನಮ್ಮೂರಲ್ಲಿ ರಾತ್ರಿಯಿಡೀ ಫ್ಯಾನು ತಿರುಗೋಷ್ಟು ಕರೆಂಟು ಎಲ್ಲಿದೆ ಸ್ವಾಮಿ? ಇದು ಶುದ್ಧ ಹೈಪರ್ಬೊಲಿ" ಎಂದರು. ಅದಕ್ಕೆ ಎದುರಾಡುವ ಎದೆ ಯಾರಿಗೂ ಇರಲಿಲ್ಲ. ಚೀಫ್ ಬಂದು "ಕೀ ಅಂದರೆ ಕೀ, ಬಂಡಲ್ ಮುಗಿಸಿ" ಎಂದ ಮೇಲೆ ಸಭೆ ಬರಖಾಸ್ತು.

ಅದೇ ಬಂಡಲಿನಲ್ಲಿ ಒಬ್ಬ ಹುಡುಗ ಬರೆದಿದ್ದ: ಇಲ್ಲಿ ಯಾವ ಫಿಗರೂ ಇಲ್ಲ, ಫ್ಯಾನಿನ ಬೇರಿಂಗ್ ಹೋಗಿದೆ. ಸೊನ್ನೆ ಹಾಕಲು ನನಗೆ ಕೈ ಬರಲಿಲ್ಲ, ಮಾರ್ಕು ಹಾಕಲು ಕೀ ಬಿಡಲಿಲ್ಲ. ಆ ಮಧ್ಯಾಹ್ನ ಆ ಒಂದು ಸಾಲಿನ ಮೇಲೆ ನಡೆದಷ್ಟು ಒಳ್ಳೆಯ ಕಾವ್ಯವಿಮರ್ಶೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಅಲ್ಲಿ ವಾದಿಸಿದವರಲ್ಲಿ ಯಾರಾದರೂ ಆ ಮಾತನ್ನೇ ಪರೀಕ್ಷೆಯಲ್ಲಿ ಬರೆದಿದ್ದರೆ ಒಂದಕ್ಕೆ ಸೊನ್ನೆ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಹೆಸರಿಗೆ ಕಾಲು ಮಾರ್ಕು, ಯಾಕೆ ಎಂಬ ಜಗಳಕ್ಕೆ ಮುಕ್ಕಾಲು ಇಡುತ್ತಿದ್ದೆ. ಬೇರಿಂಗಿನವನಿಗೆ ಅರ್ಧ.

ಇಷ್ಟೊಂದು ಹೆಸರು ಇಟ್ಟವರು ಯಾರು ಎಂದು ಹುಡುಗರು ಹಲ್ಲು ಕಡಿಯುತ್ತಾ ಕೇಳುತ್ತಾರೆ. ಗ್ರೀಕರು, ರೋಮನರು ಶುರುಮಾಡಿದರು. ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ ಶಾಲಾಮೇಷ್ಟ್ರುಗಳು ಅದನ್ನು ಮಕ್ಕಳ ತಲೆಗೆ ಕಟ್ಟಿದರು. ಹೆನ್ರಿ ಪೀಚಮ್ ಎಂಬಾತ 1577ರಲ್ಲಿ 'ದ ಗಾರ್ಡನ್ ಆಫ್ ಎಲೊಕ್ವೆನ್ಸ್' ಎಂಬ ಪುಸ್ತಕ ತಂದ. ಹೆಸರು ತೋಟ; ಒಳಗೆ ಹೊಕ್ಕರೆ ಇನ್ನೂರರ ಹತ್ತಿರ ಅಲಂಕಾರಗಳ ಕಾಡು. ನಮ್ಮವರು ಕಮ್ಮಿ ಎಂದುಕೊಳ್ಳಬೇಡಿ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಉಪಮಾ, ರೂಪಕ, ದೀಪಕ, ಯಮಕ ಎಂದು ನಾಲ್ಕೇ ಹೇಳಿ ಪುಣ್ಯ ಕಟ್ಟಿಕೊಂಡ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದ ಹೊತ್ತಿಗೆ ಅದು ನೂರು ದಾಟಿತ್ತು. ಕನ್ನಡದ ಕೈಗೆ ಸಿಕ್ಕಿರುವ ಮೊದಲ ಗ್ರಂಥ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದೂ ಸಂಸ್ಕೃತದ ಆಲಂಕಾರಿಕ ದಂಡಿಯನ್ನು ಹಿಡಿದು ಹೊರಟ ಅಲಂಕಾರಗ್ರಂಥವೇ. ಅಂದರೆ ನಮ್ಮ ಭಾಷೆಯ ಪುಸ್ತಕದ ಅಟ್ಟದಲ್ಲಿ ಎಲ್ಲಕ್ಕಿಂತ ಹಳೆಯದು ಇದೇ ಸಿಲಬಸ್ಸು. ಇಂಗ್ಲಿಷಿನವರನ್ನು ಬೈಯುವ ಹಕ್ಕು ನಮಗಿಲ್ಲ.

ಆ ಇಂಗ್ಲಿಷರಲ್ಲೇ ಹುಡುಗರ ಕಷ್ಟ ಅರಿತವನೊಬ್ಬನಿದ್ದ. 1589ರಲ್ಲಿ ಲಂಡನ್ನಿನಲ್ಲಿ 'ದ ಆರ್ಟ್ ಆಫ್ ಇಂಗ್ಲಿಷ್ ಪೊಯೆಸಿ' ಎಂಬ ಪುಸ್ತಕ ಹೊರಬಂತು. ಅಚ್ಚು ಹಾಕಿದವನು ಷೇಕ್ಸ್‌ಪಿಯರ್‌ನ ಊರಿನವನೇ ಆದ ರಿಚರ್ಡ್ ಫೀಲ್ಡ್. ಬರೆದವನ ಹೆಸರು ಪುಸ್ತಕದಲ್ಲಿರಲಿಲ್ಲ. ಜಾರ್ಜ್ ಪಟನಮ್ ಎಂದು ಈಗ ವಿದ್ವಾಂಸರು ಹೇಳುತ್ತಾರೆ. ಈತ ನೋಡಿದ: ಅರಮನೆಯ ಹೆಂಗಸರೂ ಗಂಡಸರೂ ಕಾವ್ಯ ಕಲಿಯಬೇಕು, ಗ್ರೀಕ್ ಹೆಸರು ಕೇಳಿದರೆ ಓಡಿಹೋಗುತ್ತಾರೆ. ಸರಿ, ಒಂದೊಂದಕ್ಕೂ ಊರ ಮಾತಿನಲ್ಲಿ ಅಡ್ಡಹೆಸರು ಇಟ್ಟ. ಹೈಪರ್ಬೊಲಿಗೆ 'ದೊಡ್ಡ ಗಂಟಲಿನ ಸುಳ್ಳುಗಾರ'. ಐರನಿಗೆ 'ಒಣ ಅಣಕ'. ಸರ್ಕ್ಯಾಸಮ್ಮಿಗೆ 'ಕಹಿ ಮೂದಲಿಕೆ'. ಅಲಿಗರಿಗೆ 'ಆಸ್ಥಾನಿಕ', ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಇನ್ನೊಂದು ಆಡುವವನು ಎಂದು. ರಾಣಿಯ ಆಸ್ಥಾನದವರು ಓದುವ ಪುಸ್ತಕದಲ್ಲೇ ಹೀಗೆ ಬರೆದವನ ಧೈರ್ಯ ನೋಡಿ. ಹೆಸರು ಹಾಕದೆ ಇದ್ದದ್ದು ಒಳ್ಳೆಯದೇ ಆಯಿತು.

ಪಟನಮ್ಮನ ಪಟ್ಟಿಯಲ್ಲಿ ನನಗೆ ಅಚ್ಚುಮೆಚ್ಚು ಎರಡು. ಒಂದು ಕ್ಯಾರಿಯೆಂಟಿಸ್ಮಸ್. ಗ್ರೀಕ್ ಹೆಸರು ಹಾಳಾಗಲಿ, ಅವನಿಟ್ಟ ಹೆಸರು 'ಗುಟ್ಟಿನ ಚಿವುಟು'. ನಯವಾದ ಮಾತಿನ ಒಳಗೆ ಉಗುರು ಇಟ್ಟು ಚಿವುಟುವುದು. ಇದನ್ನು ತರಗತಿಯಲ್ಲಿ ಮುಕ್ಕಾಲು ಗಂಟೆ ವಿವರಿಸಬಹುದು, ಇಲ್ಲವೇ ಯಾವುದಾದರೂ ಮದುವೆಮನೆಯಲ್ಲಿ ಹೆಂಗಸರ ಪಂಕ್ತಿಯ ಹಿಂದೆ ಒಂದು ಕ್ಷಣ ನಿಲ್ಲಬಹುದು. ನಮ್ಮ ನೆಂಟರಲ್ಲಿ ಒಬ್ಬರು ಸೋದರತ್ತೆ ಇದ್ದಾರೆ. ಸೊಸೆಯಾಗಿ ಬಂದ ಹುಡುಗಿಯ ಸೆರಗು ಹಿಡಿದು, ಬೆರಳಲ್ಲಿ ಜರಿ ತಡವಿ, "ಸೀರೆ ಭಾಳ ಚೆನ್ನಾಗಿದೆ ಕಣೇ. ಹೋದ ವರ್ಷ ಗೃಹಪ್ರವೇಶಕ್ಕೆ ಉಟ್ಟಾಗಲೂ ಚೆನ್ನಾಗೇ ಇತ್ತು" ಎಂದರು. ಹೊಗಳಿಕೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಹುಡುಗಿ ಮಾತ್ರ ಆಮೇಲೆ ಆ ಸೀರೆ ಉಟ್ಟದ್ದನ್ನು ನಾವು ಕಾಣೆವು.

ಇನ್ನೊಂದು ಮಿಕ್ಟರಿಸ್ಮಸ್. ಅಣಕದ ಮಾತಿಗೆ ಮೂಗು ಮುದುರುವುದು, ತುಟಿ ಸೊಟ್ಟ ಮಾಡುವುದು ಸೇರಿದರೆ ಇದು. ಮೂತಿಯನ್ನೂ ಮಾತಿನ ಅಲಂಕಾರದ ಲೆಕ್ಕಕ್ಕೆ ಸೇರಿಸಿದ ಅವನ ಉದಾರತೆಗೆ ಏನನ್ನಬೇಕು! ಕನ್ನಡದಲ್ಲಿ ಇದನ್ನು ಶಾಸ್ತ್ರಕ್ಕೆ ಸೇರಿಸದೆ ಮೂಗು ಮುರಿಯುವುದು ಎಂದು ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಉಪ್ಪಿಟ್ಟಿನ ತಟ್ಟೆಯ ಮುಂದೆ ದಿನಾ ಬೆಳಗ್ಗೆ ಇದರ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ.

ಲೈಟೋಟಿಸ್ ಪಾಠವನ್ನು ಪುಸ್ತಕ ನೋಡಿ ಮಾಡುವ ಮೇಷ್ಟ್ರು ಹಳೇ ಮೈಸೂರಿನ ಕಡೆಯವನಾಗಿರಲಾರ. ಇಲ್ಲ ಎಂಬ ಮಾತಿನಿಂದ ಹೌದು ಎಂಬುದನ್ನು ಹೇಳುವುದು ಅದರ ಲಕ್ಷಣ. ನಮ್ಮಲ್ಲಿ ಅದಕ್ಕೆ ಒಂದೇ ಪದ ಇದೆ: ಪರವಾಗಿಲ್ಲ. ಮದುವೆಯ ಅಡುಗೆ ಭಟ್ಟರು ಹೆಗಲ ಮೇಲಿನ ವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು "ಹೇಗಿತ್ತು ಸ್ವಾಮಿ ಊಟ?" ಎಂದು ಕೇಳುತ್ತಾರೆ. ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಮೂರನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಇಟ್ಟಂತೆ ಮಾಡಿ ಬೆರಳ ಸಂದಿಯಲ್ಲಿ ಹಾಕಿಸಿಕೊಂಡ ಹಿರಿಯರು ಒಮ್ಮೆ ತೇಗಿ, "ಪರವಾಗಿಲ್ಲ" ಎನ್ನುತ್ತಾರೆ. ಭಟ್ಟರಿಗೆ ಅದು ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ. ಅದರ ಬದಲು "ತುಂಬಾ ತುಂಬಾ ಚೆನ್ನಾಗಿತ್ತು" ಅಂದುನೋಡಿ. ಭಟ್ಟರ ಮುಖ ಚಿಕ್ಕದಾಗುತ್ತದೆ. "ಸಾರಿಗೆ ಉಪ್ಪು ಜಾಸ್ತಿ ಆಯ್ತಾ ಸ್ವಾಮಿ?" ಎಂದು ಗುಟ್ಟಾಗಿ ಕೇಳುತ್ತಾರೆ.

ಮೆಟಾನಮಿಗೆ ಎಲ್ಲ ಗೈಡುಗಳೂ ಕೊಡುವ ಉದಾಹರಣೆ ಕಿರೀಟ. ಕಿರೀಟ ಎಂದು ಹೇಳಿ ರಾಜ ಎಂದು ತಿಳಿಯುವುದು. ನಮ್ಮ ಹುಡುಗರು ಕಿರೀಟ ನೋಡಿರುವುದು ದಸರೆಯಲ್ಲಿ, ಇಲ್ಲವೇ ಯಕ್ಷಗಾನದಲ್ಲಿ. ಅದಕ್ಕೆ ನಾನು ಬೋರ್ಡಿನ ಮೇಲೆ "ನಮ್ಮನೇಲಿ ಊರಿಗೆ ಹೋಗಿದ್ದಾರೆ" ಎಂದು ಬರೆದೆ. ಮನೆ ಎಲ್ಲಿಗೂ ಹೋಗಿಲ್ಲ, ಹೆಂಡತಿ ತವರಿಗೆ ಹೋಗಿದ್ದಾಳೆ. "ನಮ್ಮನೆಯವರು ಒಪ್ಪಲ್ಲ" ಎಂದು ಹೆಂಗಸರು ಹೇಳಿದರೆ ಗಂಡ. ಇರುವ ಜಾಗದ ಹೆಸರು ಹೇಳಿ ಇರುವವರನ್ನು ಸೂಚಿಸಿದ್ದರಿಂದ ಮೆಟಾನಮಿ ಎಂದೆ. ಒಬ್ಬ ಎದ್ದು ನಿಂತ. "ಸರ್, ಹೆಂಡತಿ ಮನೆಯ ಒಂದು ಭಾಗ ತಾನೆ? ಪೂರ್ತಿಯ ಹೆಸರು ಹೇಳಿ ಭಾಗವನ್ನ ಸೂಚಿಸಿದ್ರೆ ಸಿನೆಕ್ಡಕಿ ಆಗಲ್ವಾ?" ಇವನು ಓದಿಕೊಂಡು ಬಂದಿದ್ದಾನೆ ಎಂದು ನನಗೆ ಗಾಬರಿಯಾಯಿತು. ಕೆಲವರು ಸಿನೆಕ್ಡಕಿಯನ್ನೂ ಮೆಟಾನಮಿಯ ಒಳಗೇ ಸೇರಿಸುತ್ತಾರೆ ಎಂದು ಹೇಳಿ ಬಾಗಿಲು ಹಾಕುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, "ಹೆಂಡತಿ ಹೆಸರು ಹೇಳೋಕೆ ನಾಚಿಕೆ ಆಗಿ ಮನೆ ಅಂದಿದ್ರೆ ಯೂಫೆಮಿಸಂ ಸರ್" ಎಂದಳು. ಆ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಇಂಥ ದಿನ ನಮ್ಮ ವೃತ್ತಿಯಲ್ಲಿ ಸೆಮಿಸ್ಟರಿಗೆ ಒಂದು ಬಂದರೆ ಪುಣ್ಯ.

ಉಳಿದ ದಿನಗಳಲ್ಲಿ ಮಿಸೆಸ್ ಮಾಲಪ್ರಾಪ್ ಪಾಠ ಮಾಡುತ್ತಾಳೆ. 1775ರ 'ದ ರೈವಲ್ಸ್' ನಾಟಕದಲ್ಲಿ ಶೆರಿಡನ್ ಸೃಷ್ಟಿಸಿದ ಹೆಂಗಸು ಅವಳು. ದೊಡ್ಡ ದೊಡ್ಡ ಪದ ಬಳಸುವ ಹುಚ್ಚು, ಬಳಸಿದ್ದೆಲ್ಲ ಅದರ ಪಕ್ಕದ ಪದ. ಅವಳಿಂದಲೇ ಮಾಲಪ್ರಾಪಿಸಂ ಹುಟ್ಟಿತು. ನಮ್ಮ ಉತ್ತರಪತ್ರಿಕೆಗಳಲ್ಲಿ ಅವಳ ಸಂತಾನ ಸುಖವಾಗಿದೆ. ಥಾಮಸ್ ಗ್ರೇ ಊರಾಚೆಯ ಚರ್ಚಿನ ಸ್ಮಶಾನದಲ್ಲಿ ಕೂತು ಬರೆದದ್ದು ಎಲಿಜಿ. ಹುಡುಗರ ಕೈಯಲ್ಲಿ ಅದು ಅಲರ್ಜಿ. ಹುಲ್ಲು, ಧೂಳು, ಸಂಜೆಯ ಥಂಡಿ, ಬಂದಿರಲೂಬಹುದು. ಅರಿಸ್ಟಾಟಲ್ ಪ್ರಕಾರ ಟ್ರಾಜಿಡಿ ನೋಡಿದವರಿಗೆ ಆಗುವುದು ಕೆಥಾರ್ಸಿಸ್, ಅಂದರೆ ಭಯ ಕರುಣೆಗಳು ಹೊರಹರಿದು ಹಗುರಾಗುವುದು. ಹುಡುಗನೊಬ್ಬ ಟ್ರಾಜಿಡಿ ನೋಡಿದವರಿಗೆ ಕ್ಯಾಟರ್ಯಾಕ್ಟ್ ಆಗುತ್ತದೆ ಎಂದು ಬರೆದಿದ್ದ. ಪಕ್ಕದಲ್ಲಿದ್ದ ಸಹೋದ್ಯೋಗಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನನಗೆ ಇವನ ಪೇಪರ್ ನೋಡಿ ಆಗ್ತಿದೆ" ಎಂದರು. ಆ ಹುಡುಗನನ್ನು ಬೈಯುವ ಮುನ್ನ ಒಂದು ಮಾತು: ಕೆಥಾರ್ಸಿಸ್ ಎಂಬುದು ಗ್ರೀಕ್ ವೈದ್ಯರ ಬಾಯಲ್ಲೂ ಓಡಾಡುತ್ತಿದ್ದ ಪದವೇ, ಹೊಟ್ಟೆ ತೊಳೆಸುವುದಕ್ಕೆ. ಆಸ್ಪತ್ರೆಯ ದಾರಿ ಅವನು ಸರಿಯಾಗಿಯೇ ಹಿಡಿದಿದ್ದ, ವಾರ್ಡು ಬೇರೆಯಾಯಿತು.

ಕೆಲವು ಹೆಸರುಗಳಂತೂ ಇಟ್ಟವರಿಗೇ ಬೇಡವಾಗಿದ್ದವು. ಮನುಷ್ಯನ ದುಃಖಕ್ಕೆ ಮೋಡ ಅಳುವುದು, ಸಮುದ್ರ ಕ್ರೂರವಾಗುವುದು ಇತ್ಯಾದಿಗೆ ಜಾನ್ ರಸ್ಕಿನ್ 1856ರಲ್ಲಿ ಪೆಥೆಟಿಕ್ ಫ್ಯಾಲಸಿ ಎಂದು ಹೆಸರಿಟ್ಟ. ಫ್ಯಾಲಸಿ ಎಂದರೇ ಗೊತ್ತಾಗುವಂತೆ ಅದು ಬೈಗುಳ. ದೊಡ್ಡ ಕವಿಗಳು ಈ ಚಾಳಿಗೆ ಸುಲಭವಾಗಿ ಬೀಳುವುದಿಲ್ಲ ಎಂಬುದು ಅವನ ಮಾತು. ಈಗ ಅದನ್ನೇ ನಾವು ಕಾವ್ಯಗುಣವೆಂದು ಪಾಠ ಮಾಡುತ್ತೇವೆ. ರಸ್ಕಿನ್ ಮಹಾಶಯರನ್ನು 2006ರ 'ಮುಂಗಾರು ಮಳೆ'ಗೆ ಕರೆದುಕೊಂಡು ಹೋಗಬೇಕಿತ್ತು. ನಾಯಕನ ಎದೆಯಲ್ಲಿ ಏನಾದರೆ ಮೇಲೆ ಅದು ಸುರಿಯುತ್ತಿತ್ತು, ಟಿಕೆಟಿಗೆ ಜನ ಸಾಲುಗಟ್ಟಿ ನಿಂತಿದ್ದರು. ಇನ್ನು ಟಿ. ಎಸ್. ಎಲಿಯಟ್. 1919ರಲ್ಲಿ ಹ್ಯಾಮ್ಲೆಟ್ಟನ್ನು ಬೈಯುವ ಭರದಲ್ಲಿ ಆಬ್ಜೆಕ್ಟಿವ್ ಕೋರಿಲೇಟಿವ್ ಎಂಬ ಮಾತನ್ನು ಚಲಾವಣೆಗೆ ತಂದ. 1956ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸಾವಿರಾರು ಜನರ ಮುಂದೆ ಉಪನ್ಯಾಸ ಮಾಡುತ್ತಾ, ತನ್ನ ಇಂಥ ಕೆಲವು ನುಡಿಗಟ್ಟುಗಳಿಗೆ ಸಿಕ್ಕಿದ ಯಶಸ್ಸಿನಿಂದ ತನಗೇ ಮುಜುಗರವಾಗಿದೆ ಎಂದ. ಆತನಿಗೆ ಮುಜುಗರ ತಂದದ್ದನ್ನು ನಾವು ಎಂಎ ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯಿರಿ ಎಂದು ಕೇಳುತ್ತೇವೆ. ಹ್ಯಾಮ್ಲೆಟ್ ಓದದವರೂ ಅದು ಸೋತ ನಾಟಕವೆಂದು ಎಲಿಯಟ್ಟನ ಪರ ವಕಾಲತ್ತು ವಹಿಸಿ ಪುಟ ತುಂಬಿಸುತ್ತಾರೆ.

ಈ ಎಲ್ಲ ಪರಿಭಾಷೆಗೆ ಬೈಬಲ್ಲು ಎಂ. ಎಚ್. ಏಬ್ರಮ್ಸ್ 1957ರಲ್ಲಿ ತಂದ ಗ್ಲಾಸರಿ. ಅವರು 102 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಆಯುಷ್ಯಕ್ಕೂ ಪರಿಷ್ಕೃತ ಆವೃತ್ತಿ ತರುತ್ತಿದ್ದರೇನೋ ಎಂದು ನನಗೆ ಅನುಮಾನ. ನಮ್ಮ ಕಡೆ ಆ ಪುಸ್ತಕಕ್ಕೆ ರಟ್ಟು ಇರುವುದಿಲ್ಲ. ಕಾಲೇಜಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಆಗಿ, ಸ್ಪೈರಲ್ ಬೈಂಡಾಗಿ, ಸೀನಿಯರಿನಿಂದ ಜೂನಿಯರಿಗೆ ಇಳಿದು ಬರುತ್ತದೆ. ಒಂದು ಪ್ರತಿಯಲ್ಲಿ ಐರನಿ ಶುರುವಾಗುವ ಪುಟವೇ ಇರಲಿಲ್ಲ. ಆ ಬ್ಯಾಚಿನ ಯಾರಿಗೂ ಐರನಿ ಗೊತ್ತಿರಲಿಲ್ಲ. ಅದೇ ಒಂದು ಐರನಿ ಎಂದು ಅವರಿಗೆ ಹೇಳಿದರೂ ಗೊತ್ತಾಗುವಂತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಉತ್ತರಪತ್ರಿಕೆಯ ಕೊನೆಯ ಪುಟದ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಮೌಲ್ಯಮಾಪಕರಿಗೆ ಮನವಿ ಬರೆಯಬಾರದು ಎಂಬ ನಿಯಮ ಇದೆ. ಬರೆಯುತ್ತಾರೆ. ಒಂದು ಪೇಪರಿನಲ್ಲಿ ಫಿಗರ್ಸ್ ಆಫ್ ಸ್ಪೀಚಿನ ಪ್ರಶ್ನೆಯ ಐದು ಉಪಪ್ರಶ್ನೆಗಳೂ ಖಾಲಿ. ಕೊನೆಯ ಪುಟದಲ್ಲಿ ಮಾತ್ರ ಅಕ್ಷರ ಮುತ್ತು ಪೋಣಿಸಿದಂತೆ: ಓ ನನ್ನ ಕಾಣದ ಗುರುವೇ, ನಿಮ್ಮ ಕೆಂಪು ಪೆನ್ನು ದಯೆ ತೋರಲಿ, ನಾನು ಓದಿಲ್ಲ ಅಂತೇನಿಲ್ಲ, ಈ ಪೇಪರ್ ಹೋದರೆ ನನ್ನ ಜೀವನವೇ ಹೋದ ಹಾಗೆ, ಅಮ್ಮನ ಕಣ್ಣೀರಿಗೆ ನಮ್ಮೂರ ಕೆರೆ ಕೋಡಿ ಬೀಳುತ್ತದೆ, ಮುಂದಿನ ತಿಂಗಳು ಮದುವೆ. ಗೋಡೆ ಕಡೆಯ ಆ ಹಿರಿಯರ ಮುಂದೆ ಇಟ್ಟೆ. ಅವರು ಕೆಂಪು ಪೆನ್ನಿನ ತುದಿಯಲ್ಲಿ ಎಣಿಸಿದರು. "ಅಪಾಸ್ಟ್ರಫಿ. ಪರ್ಸಾನಿಫಿಕೇಶನ್. ಲೈಟೋಟಿಸ್. ಸಿಮಿಲಿ. ಕೆರೆಯದು ಹೈಪರ್ಬೊಲಿ. ಮದುವೆ?"

"ಮದುವೆ ನಿಜ ಇರಬಹುದು ಸರ್" ಎಂದರು ಹೊಸ ಮೇಡಮ್.

"ಹಾಗಾದ್ರೆ ಆ್ಯಂಟಿಕ್ಲೈಮ್ಯಾಕ್ಸು" ಎಂದು ಅವರು ಇಡೀ ಪುಟಕ್ಕೆ ಅಡ್ಡಗೀಟು ಎಳೆದು, ಟೀ ತಂದ ಹುಡುಗನನ್ನು ಕರೆದರು.